ಕಾರ್ಡ್ ಇದೆ ಸರಿ, ಯಾವ ಕಾರ್ಡ್? ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಗಳ ಬಗ್ಗೆ

(ಹಿರಿಯ ನಾಗರಿಕರು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ನಿಮ್ಮ ಪರ್ಸಿನಲ್ಲಿರುವ ಕಾರ್ಡುಗಳನ್ನು ಒಮ್ಮೆ ಹೊರಗೆ ತೆಗೆದು ನೋಡಿ. "ನಮ್ಮ ಹತ್ರ ಆಯುಷ್ಮಾನ್ ಕಾರ್ಡ್ ಇದೆ" ಎಂದು ಹೇಳುವವರ ಕೈಯಲ್ಲಿ ಎಷ್ಟೋ ಸಲ ಇರುವುದು ಆಭಾ ಕಾರ್ಡ್. ಅದರ ಮೇಲೆ 14 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ನಿಮ್ಮ ರಿಪೋರ್ಟುಗಳನ್ನು, ಔಷಧ ಚೀಟಿಗಳನ್ನು ಕಂಪ್ಯೂಟರಿನಲ್ಲಿ ಒಂದೆಡೆ ಜೋಡಿಸಿಡಲು ಕೊಡುವ ಗುರುತಿನ ಸಂಖ್ಯೆ ಅದು. ಆ ಸಂಖ್ಯೆ ಯಾರಿಗೆ ಬೇಕಾದರೂ ಸಿಗುತ್ತದೆ. ಅದೊಂದೇ ಇದ್ದರೆ ಆಸ್ಪತ್ರೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಇನ್ನು ಕೆಲವರು ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಹಿಡಿಯುತ್ತಾರಲ್ಲ, ಅದನ್ನೇ ಆರೋಗ್ಯ ವಿಮೆ ಅಂದುಕೊಂಡಿರುತ್ತಾರೆ. ಅದು ಸುರಕ್ಷಾ ಬಿಮಾ, ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯ ಆದರೆ ಮಾತ್ರ ಹಣ ಬರುವಂಥದ್ದು. ಎಪ್ಪತ್ತು ತುಂಬಿದ ಮೇಲೆ ಅದೂ ನಿಲ್ಲುತ್ತದೆ.

ಈ ಗೊಂದಲಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ. ಹಿರಿಯರಿಗೆ ಅಂತಲೇ ಒಂದು ಕಡೆ ಕೂತು ಮಾಡಿದ ವ್ಯವಸ್ಥೆ ನಮ್ಮಲ್ಲಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಇಲಾಖೆಗಳು ಮಾಡಿದ ಯೋಜನೆಗಳಿವೆ. ಒಂದೊಂದೂ ನಿಮ್ಮನ್ನು ಒಂದೊಂದು ಕಾಗದದ ಮೂಲಕ ಗುರುತಿಸುತ್ತದೆ. ಒಂದಕ್ಕೆ ರೇಷನ್ ಕಾರ್ಡ್ ಬೇಕು, ಇನ್ನೊಂದಕ್ಕೆ ಆಧಾರ್‌ನಲ್ಲಿರುವ ವಯಸ್ಸು ಸಾಕು, ಮತ್ತೊಂದಕ್ಕೆ ಪಿಂಚಣಿ ಪತ್ರ, ಮಗದೊಂದಕ್ಕೆ ಸಹಕಾರ ಸಂಘದ ಸದಸ್ಯತ್ವ, ಇನ್ನೊಂದಕ್ಕೆ ಹಳೆಯ ಇಎಸ್‌ಐ ನಂಬರು. ಹಾಗಾಗಿ "ಯಾವ ಯೋಜನೆ ಒಳ್ಳೆಯದು" ಅನ್ನುವುದಕ್ಕಿಂತ ಮೊದಲು "ನನ್ನ ಕೈಯಲ್ಲಿ ಯಾವ ಕಾಗದ ಇದೆ" ಎಂದು ಕೇಳಿಕೊಳ್ಳಬೇಕು. ಅದನ್ನು ಆರೋಗ್ಯ ಚೆನ್ನಾಗಿರುವಾಗಲೇ ಕೇಳಿಕೊಳ್ಳಬೇಕು. ಆಂಬುಲೆನ್ಸಿನಲ್ಲಿ ಕೂತು ಕೇಳಿಕೊಳ್ಳುವ ಪ್ರಶ್ನೆಯಲ್ಲ ಅದು.

ರೇಷನ್ ಕಾರ್ಡಿನ ದಾರಿ

ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಜನರಿಗೆ ಅನ್ವಯಿಸುವುದು ಇದು. ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ 2018ರಲ್ಲಿ ಒಂದಾದವು. ಈಗ ಕಾರ್ಡಿನ ಮೇಲೆ ಪ್ರಧಾನಮಂತ್ರಿ ಜನ ಆರೋಗ್ಯ, ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಎಂದು ಎರಡೂ ಹೆಸರು ಇರುತ್ತವೆ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ನಗದುರಹಿತವಾಗಿ. ಇದು ತಲೆಗೆ 5 ಲಕ್ಷ ಅಲ್ಲ, ಇಡೀ ಕುಟುಂಬಕ್ಕೆ. ಕುಟುಂಬ ಅಂದರೆ ಆ ರೇಷನ್ ಕಾರ್ಡಿನಲ್ಲಿ ಹೆಸರಿರುವವರು. ಹಿರಿಯರ ವಿಷಯದಲ್ಲಿ ಎಡವಟ್ಟು ಆಗುವುದು ಇಲ್ಲೇ. ಅಮ್ಮನ ಹೆಸರು ಹಳ್ಳಿಯ ದೊಡ್ಡ ಮಗನ ಕಾರ್ಡಿನಲ್ಲಿರುತ್ತದೆ, ಇರುವುದು ಬೆಂಗಳೂರಿನ ಚಿಕ್ಕ ಮಗನ ಮನೆಯಲ್ಲಿ. ಅಥವಾ ಮನೆಯಲ್ಲಿ ಒಬ್ಬರು ಆದಾಯ ತೆರಿಗೆ ಕಟ್ಟಲು ಶುರು ಮಾಡಿದರೆಂದು ಬಿಪಿಎಲ್ ಕಾರ್ಡ್ ಎಪಿಎಲ್ ಆಗಿರುತ್ತದೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಅಕ್ಕಿ ತರುವವರು ಯಾರೋ, ಆಸ್ಪತ್ರೆ ಸೇರುವವರು ಯಾರೋ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಕಾರ್ಡಿನ ಸ್ಥಿತಿ ಏನಿದೆ, ಹಿರಿಯರ ಹೆಸರು ಅದರಲ್ಲಿ ಉಳಿದಿದೆಯೇ, ಅವರ ಆಧಾರ್ ಅದಕ್ಕೆ ಜೋಡಣೆಯಾಗಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲೋ ಆಹಾರ ಇಲಾಖೆಯ ಕಚೇರಿಯಲ್ಲೋ ಕೇಳಿ.

ಎಪಿಎಲ್ ಕಾರ್ಡಿನವರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ ಎಂದು ಹೇಳುವವರಿದ್ದಾರೆ. ಇದೆ, ಆದರೆ ಕಡಿಮೆ. ಪ್ಯಾಕೇಜ್ ದರದ ಶೇಕಡಾ 30ನ್ನು ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ವರ್ಷಕ್ಕೆ ಕುಟುಂಬಕ್ಕೆ ಮಿತಿ 1.5 ಲಕ್ಷ. ಪ್ಯಾಕೇಜ್ ದರ ಅನ್ನುವುದನ್ನು ಸ್ವಲ್ಪ ಗಮನಿಸಿ. ಒಂದು ಚಿಕಿತ್ಸೆಗೆ ಯೋಜನೆಯ ಪಟ್ಟಿಯಲ್ಲಿ 60,000 ರೂಪಾಯಿ ಎಂದಿದೆ ಅಂತ ಇಟ್ಟುಕೊಳ್ಳಿ. ಸರ್ಕಾರದ ಪಾಲು 18,000. ಆಸ್ಪತ್ರೆಯ ಮಾಮೂಲಿ ಬಿಲ್ಲು ಒಂದು ಲಕ್ಷ ಆಗುತ್ತಿತ್ತು ಅಂದರೂ ಸರ್ಕಾರ ಕೊಡುವುದು 18,000 ಮಾತ್ರ, 30,000 ಅಲ್ಲ. ಎಪಿಎಲ್ ಮನೆಯವರು ಹಣ ಹೊಂದಿಸುವಾಗ ಈ ಲೆಕ್ಕ ತಪ್ಪಿ ಡಿಸ್ಚಾರ್ಜ್ ದಿನ ಪರದಾಡುತ್ತಾರೆ.

ಇನ್ನು ಮುಖ್ಯವಾದದ್ದು ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಕಳಿಸಲು ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದುಕೊಡುವ ಚೀಟಿ. ಕರ್ನಾಟಕದ ಯೋಜನೆಯಲ್ಲಿ ಸುಮಾರು 1650 ಚಿಕಿತ್ಸೆಗಳಿವೆ, ಅವನ್ನು ನಾಲ್ಕು ಗುಂಪು ಮಾಡಿದ್ದಾರೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸ್ವಲ್ಪ ಕ್ಲಿಷ್ಟವಾದವು ಮತ್ತು ದೊಡ್ಡ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಹೃದಯದಂಥವು ಸರ್ಕಾರಿ ಆಸ್ಪತ್ರೆಯಲ್ಲಿ ಸಾಧ್ಯವಿಲ್ಲದಿದ್ದರೆ, ಅಲ್ಲಿಂದ ರೆಫರಲ್ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ, ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು.

ಅಂದರೆ ಎದೆನೋವು ಬಂದು ಹೃದಯಾಘಾತವಾದರೆ ಚೀಟಿಗಾಗಿ ಅಲೆಯಬೇಡಿ, 108ಕ್ಕೆ ಫೋನ್ ಮಾಡಿ. ಹಾಗೆಯೇ ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದರೆ ಅದನ್ನು ದಾಟಿಕೊಂಡು ದೊಡ್ಡ ಊರಿಗೆ ಓಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮುಂದಿನ ಆಸ್ಪತ್ರೆಗೆ ಅಲ್ಲಿಂದ ಕಳಿಸುತ್ತಾರೆ.

ಆದರೆ ಮಂಡಿ ಚಿಪ್ಪು ಬದಲಾವಣೆ, ಪ್ರಾಸ್ಟೇಟ್, ಹರ್ನಿಯಾ ಇಂಥವು ದಿನ ನೋಡಿ ಮಾಡಿಸಿಕೊಳ್ಳುವ ಚಿಕಿತ್ಸೆಗಳು. ಇವುಗಳಲ್ಲಿ ಹೆಜ್ಜೆಯ ಕ್ರಮ ತಪ್ಪಿದರೆ ಯೋಜನೆ ಕೈತಪ್ಪುತ್ತದೆ. ಸಾಮಾನ್ಯವಾಗಿ ಆಗುವುದು ಹೀಗೆ: ಮೊದಲು ಪರಿಚಯದ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ, ಅಡ್ವಾನ್ಸ್ ಕಟ್ಟಿ ದಾಖಲಾಗುತ್ತಾರೆ, ಎರಡು ದಿನ ಆದಮೇಲೆ ಯಾರೋ ನೆನಪಿಸುತ್ತಾರೆ, "ನಿಮ್ಮ ಹತ್ರ ಬಿಪಿಎಲ್ ಕಾರ್ಡ್ ಇದೆಯಲ್ಲ". ಆಮೇಲೆ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಕೇಳಿದರೆ, ರೋಗಿಯನ್ನು ನೋಡದೆ ವೈದ್ಯರು ಹೇಗೆ ಬರೆದುಕೊಟ್ಟಾರು? ಈ ಯೋಜನೆಯಲ್ಲಿ ಬಿಲ್ಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ಪದ್ಧತಿ ಇಲ್ಲ. ಚಿಕಿತ್ಸೆಗೆ ಮೊದಲೇ ಆಸ್ಪತ್ರೆ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕು. ಅದು ಆಗದೆ ಕಟ್ಟಿದ ಹಣ ಹೋದಂತೆಯೇ.

ರೆಫರಲ್ ಪತ್ರವನ್ನು ಕೈಗೆ ತೆಗೆದುಕೊಂಡ ಕೂಡಲೇ ಓದಿ. ರೋಗಿಯ ಹೆಸರು ರೇಷನ್ ಕಾರ್ಡಿನಲ್ಲಿ ಇರುವಂತೆಯೇ ಇದೆಯೇ? ಕಾಯಿಲೆ ಏನು, ಯಾವ ಚಿಕಿತ್ಸೆ ಬೇಕು ಎಂದು ಬರೆದಿದ್ದಾರೆಯೇ? ವೈದ್ಯರ ಸಹಿ, ಆಸ್ಪತ್ರೆಯ ಮೊಹರು ಇದೆಯೇ? "ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ" ಎಂದಷ್ಟೇ ಬರೆದಿದ್ದರೆ ಆ ಕಡೆಯ ಆಸ್ಪತ್ರೆಯಲ್ಲಿ ತೊಡಕಾಗುತ್ತದೆ. ಅಲ್ಲೇ ನಿಂತು ಸರಿ ಮಾಡಿಸಿಕೊಳ್ಳಿ. ವೈದ್ಯರಿಗೆ ಬೇಸರವಾದರೂ ಪರವಾಗಿಲ್ಲ. ಹಾಗೆಯೇ ನೀವು ಹೋಗಬೇಕೆಂದಿರುವ ಆಸ್ಪತ್ರೆ ಯೋಜನೆಯಲ್ಲಿದೆ ಅಂದ ಮಾತ್ರಕ್ಕೆ ಅಲ್ಲಿನ ಎಲ್ಲ ವಿಭಾಗಗಳೂ ಯೋಜನೆಯಲ್ಲಿರುತ್ತವೆ ಎಂದಲ್ಲ. ಕಣ್ಣಿನ ವಿಭಾಗ ಇದ್ದು ಮೂಳೆ ವಿಭಾಗ ಇಲ್ಲದಿರಬಹುದು. "ನಿಮ್ಮಲ್ಲಿ ಆಯುಷ್ಮಾನ್ ನಡೆಯುತ್ತಾ" ಎಂದು ಕೇಳಬೇಡಿ. "ಈ ಆಪರೇಷನ್ನಿಗೆ ನಡೆಯುತ್ತಾ" ಎಂದು ಕೇಳಿ. ಕೇಳಬೇಕಾದದ್ದು ರಿಸೆಪ್ಷನ್ನಿನಲ್ಲಿ ಅಲ್ಲ, ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗಲು ಇರುವ ಸಿಬ್ಬಂದಿಯನ್ನು. ಯೋಜನೆಯ ಆಸ್ಪತ್ರೆಗಳಲ್ಲಿ ಅವರಿಗೇ ಒಂದು ಕೌಂಟರ್ ಇರುತ್ತದೆ.

ಎಪ್ಪತ್ತು ದಾಟಿದವರ ಕಾರ್ಡ್

ಇದು ಹೊಸದು. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಂಪುಟ ಒಪ್ಪಿತು, ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ಹೆಸರು ಆಯುಷ್ಮಾನ್ ವಯ ವಂದನ ಕಾರ್ಡ್. ಇಲ್ಲಿ ರೇಷನ್ ಕಾರ್ಡ್ ಕೇಳುವುದಿಲ್ಲ, ಆದಾಯ ಕೇಳುವುದಿಲ್ಲ. ಆಧಾರ್ ಪ್ರಕಾರ 70 ಆಗಿರಬೇಕು, ಅಷ್ಟೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಆದರೂ ಸರಿ, ಕೂಲಿ ಮಾಡಿದವರಾದರೂ ಸರಿ. ಮೊದಲೇ ಇರುವ ಶುಗರ್, ಬಿಪಿ, ಹೃದಯದ ತೊಂದರೆ ಎಲ್ಲಕ್ಕೂ ಮೊದಲ ದಿನದಿಂದಲೇ ರಕ್ಷಣೆ, ಕಾಯುವ ಅವಧಿ ಇಲ್ಲ. ಖಾಸಗಿ ವಿಮೆಯಲ್ಲಿ ಎಪ್ಪತ್ತೈದರ ವಯಸ್ಸಿನವರಿಗೆ ಇಂಥದ್ದು ಸಿಗುವುದು ದುರ್ಲಭ.

ಇದರ 5 ಲಕ್ಷದ ಲೆಕ್ಕ ಎರಡು ಬಗೆ. ಮನೆ ಈಗಾಗಲೇ ಆಯುಷ್ಮಾನ್‌ನ 5 ಲಕ್ಷದೊಳಗೆ ಇದ್ದರೆ, ಆ ಮನೆಯ ಎಪ್ಪತ್ತು ದಾಟಿದವರಿಗೆ ಅದರ ಮೇಲೆ ಇನ್ನೊಂದು 5 ಲಕ್ಷ ಬರುತ್ತದೆ. ಅದನ್ನು ಮಗ, ಸೊಸೆ, ಮೊಮ್ಮಕ್ಕಳು ಬಳಸುವಂತಿಲ್ಲ. ಮನೆ ಆ ಯೋಜನೆಯಲ್ಲಿ ಇಲ್ಲದಿದ್ದರೆ, ಎಪ್ಪತ್ತು ದಾಟಿದವರಿಗೆ ಅಂತಲೇ ಹೊಸದಾಗಿ 5 ಲಕ್ಷ. ಎರಡೂ ಸಂದರ್ಭದಲ್ಲಿ, ಮನೆಯಲ್ಲಿ ಅಜ್ಜ ಮತ್ತು ಅಜ್ಜಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಇಬ್ಬರಿಗೂ ಸೇರಿ 5 ಲಕ್ಷ, ತಲಾ ಐದಲ್ಲ. ಅಜ್ಜನಿಗೆ 72, ಅಜ್ಜಿಗೆ 67 ಆಗಿದ್ದರೆ ಕಾರ್ಡ್ ಅಜ್ಜನಿಗೆ ಮಾತ್ರ. ಅಜ್ಜಿ ಇನ್ನೂ ಮೂರು ವರ್ಷ ಕಾಯಬೇಕು.

ನೋಂದಣಿ ಉಚಿತ. ಮೊಬೈಲಿನಲ್ಲಿ ಆಯುಷ್ಮಾನ್ ಆ್ಯಪ್ ಹಾಕಿಕೊಂಡು, ಫಲಾನುಭವಿ ಎಂದು ಲಾಗಿನ್ ಆಗಿ, 70 ದಾಟಿದವರ ನೋಂದಣಿಯ ಜಾಗ ಒತ್ತಿ, ಆಧಾರ್ ಸಂಖ್ಯೆ ಕೊಡಬೇಕು. ಗುರುತು ಖಚಿತಪಡಿಸಲು ಆಧಾರ್ ಓಟಿಪಿ, ಬೆರಳಚ್ಚು, ಕಣ್ಣಿನ ಪಾಪೆ, ಮುಖ ಹೀಗೆ ಬೇರೆ ಬೇರೆ ದಾರಿಗಳಿವೆ. ಆಮೇಲೆ ಫೋಟೋ, ವಿಳಾಸ, ಮನೆಯವರ ವಿವರ. ಒಪ್ಪಿಗೆ ಬಂದ ಮೇಲೆ ಕಾರ್ಡನ್ನು ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿಕೊಳ್ಳಬಹುದು.

ಹೇಳುವಾಗ ಸುಲಭ. ಮಾಡುವಾಗ ಸಿಕ್ಕಿಕೊಳ್ಳುವುದು ಎರಡು ಕಡೆ. ಮೊದಲನೆಯದು ಬೆರಳಚ್ಚು. ವಯಸ್ಸಾದವರ, ಅದರಲ್ಲೂ ಹೊಲದಲ್ಲಿ, ಬಚ್ಚಲಲ್ಲಿ, ಒಲೆ ಮುಂದೆ ದುಡಿದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಹತ್ತು ಸಲ ಒತ್ತಿಸಿಕೊಂಡರೂ ಒಪ್ಪುವುದಿಲ್ಲ. ಅಂಥವರಿಗೆ ಓಟಿಪಿಯೇ ಸುಲಭ, ಆದರೆ ಓಟಿಪಿ ಬರಬೇಕಾದರೆ ಈಗ ಬಳಸುವ ನಂಬರು ಆಧಾರ್‌ಗೆ ಜೋಡಣೆಯಾಗಿರಬೇಕು. ಎಷ್ಟೋ ಹಿರಿಯರ ಆಧಾರ್‌ನಲ್ಲಿರುವುದು ಹತ್ತು ವರ್ಷದ ಹಿಂದೆ ಬಿಟ್ಟುಹೋದ ನಂಬರು. ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಬದಲಾಯಿಸಿ, ಬೆರಳಚ್ಚು ಮತ್ತು ಕಣ್ಣಿನ ಗುರುತನ್ನೂ ಅದೇ ದಿನ ಹೊಸದಾಗಿ ಕೊಟ್ಟುಬಿಡಿ. ಆಸ್ಪತ್ರೆಯಲ್ಲಿ ದಾಖಲಾಗುವಾಗಲೂ ಡಿಸ್ಚಾರ್ಜ್ ಆಗುವಾಗಲೂ ಇದೇ ಗುರುತು ಕೇಳುತ್ತಾರೆ.

ಎರಡನೆಯದು ವಯಸ್ಸು. ಆಧಾರ್ ಮಾಡಿಸುವ ಕಾಲದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಅಂದಾಜಿನ ಮೇಲೆ ಒಂದು ವರ್ಷ ಬರೆದರು. ನಿಜಕ್ಕೂ 73 ಆಗಿರುವವರಿಗೆ ಆಧಾರ್‌ನಲ್ಲಿ 68 ಇರುತ್ತದೆ. ಯೋಜನೆ ನೋಡುವುದು ಆಧಾರ್ ಮಾತ್ರ. ತಿದ್ದಿಸಬಹುದು, ಆದರೆ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಲು ಬಿಡುತ್ತಾರೆ, ಅದಕ್ಕೂ ದಾಖಲೆ ಬೇಕು. ಪಾಸ್‌ಪೋರ್ಟ್, ಪಿಂಚಣಿ ಆದೇಶ ಇಂಥದ್ದು ಯಾವುದಿದೆ ಎಂದು ಮೊದಲು ಹುಡುಕಿ, ಆಮೇಲೆ ಕೇಂದ್ರಕ್ಕೆ ಹೋಗಿ. ಒಂದು ಎಚ್ಚರ: ಪಿಂಚಣಿ ಪತ್ರದಲ್ಲಿ, ಬ್ಯಾಂಕಿನಲ್ಲಿ ಒಂದು ದಿನಾಂಕ, ಆಧಾರ್‌ನಲ್ಲಿ ಇನ್ನೊಂದು ಆದರೆ ಬೇರೆ ಕಡೆ ಹೊಸ ತಲೆನೋವು ಶುರುವಾಗುತ್ತದೆ.

ಈ ಕಾರ್ಡಿನ ಬಗ್ಗೆ ಇನ್ನೊಂದು ಮಾತು. ಕಾರ್ಡ್ ಕೊಡುವುದು ಕೇಂದ್ರದ ಆ್ಯಪ್. ಆದರೆ ಆರೋಗ್ಯ ರಾಜ್ಯದ ವಿಷಯ, ಆಸ್ಪತ್ರೆಗೆ ಹಣ ಹೋಗುವುದು ರಾಜ್ಯದ ಟ್ರಸ್ಟ್ ಮೂಲಕ. ಆಯುಷ್ಮಾನ್‌ನ ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40 ಎಂದು ನಿಯಮ ಹೇಳುತ್ತದೆ. ನಿಜವಾಗಿ ಬರುವುದು ಅಷ್ಟಿಲ್ಲ ಎಂದು ನಮ್ಮ ರಾಜ್ಯ ಸರ್ಕಾರ ಬಹಿರಂಗವಾಗಿಯೇ ತಕರಾರು ತೆಗೆದಿದೆ. ಈ ಹಗ್ಗಜಗ್ಗಾಟದಲ್ಲಿ ಯಾರು ಸರಿ ಅನ್ನುವುದು ರೋಗಿಗೆ ಮುಖ್ಯವಲ್ಲ. ಮುಖ್ಯ ಏನೆಂದರೆ, ಕಾರ್ಡ್ ಪ್ರಿಂಟ್ ಆಗಿದೆ ಅಂದ ತಕ್ಷಣ ನಿಮ್ಮ ಆಯ್ಕೆಯ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆ ಎಂದಾಗುವುದಿಲ್ಲ. ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ, ಅದರಿಂದ ನಷ್ಟವಿಲ್ಲ. ದಾಖಲಾಗುವ ಮೊದಲು ಮಾತ್ರ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ, ಆರೋಗ್ಯ ಮಿತ್ರರನ್ನೂ ಕೇಳಿ, ಎರಡೂ ಕಡೆ ಒಂದೇ ಉತ್ತರ ಬಂದರೆ ಮುಂದುವರಿಯಿರಿ.

ಪಿಂಚಣಿದಾರರು, ಮಾಜಿ ಸೈನಿಕರು, ಕಾರ್ಖಾನೆಯಲ್ಲಿ ದುಡಿದವರು

ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ, 1954ರಿಂದ ನಡೆಯುತ್ತಿರುವ ಯೋಜನೆ. ನಿವೃತ್ತಿಯಾದಾಗಿನ ವೇತನ ಶ್ರೇಣಿಗೆ ತಕ್ಕಂತೆ ತಿಂಗಳಿಗೆ 250, 450, 650 ಅಥವಾ 1000 ರೂಪಾಯಿ ವಂತಿಗೆ. 120 ತಿಂಗಳ ಮೊತ್ತವನ್ನು ಒಮ್ಮೆಗೇ ಕಟ್ಟಿದರೆ ಜೀವನಪೂರ್ತಿ ಕಾರ್ಡ್. ಹೊರರೋಗಿ ತಪಾಸಣೆ, ದಿನನಿತ್ಯದ ಮಾತ್ರೆ, ಒಳರೋಗಿ ಚಿಕಿತ್ಸೆ ಎಲ್ಲವೂ ಇದರಲ್ಲಿದೆ. ಎಪ್ಪತ್ತು ದಾಟಿದವರು ವೆಲ್‌ನೆಸ್ ಸೆಂಟರಿನ, ಅಂದರೆ ಸಿಜಿಎಚ್‌ಎಸ್‌ನ ಸ್ವಂತ ದವಾಖಾನೆಯ, ರೆಫರಲ್ ಇಲ್ಲದೆಯೇ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯ ತಜ್ಞರನ್ನು ನೋಡಬಹುದು. ವೆಲ್‌ನೆಸ್ ಸೆಂಟರ್ ಇಲ್ಲದ ಊರಿನಲ್ಲಿರುವವರು ಹೊರರೋಗಿ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ವೈದ್ಯಕೀಯ ಭತ್ಯೆ ತೆಗೆದುಕೊಂಡು, ವಂತಿಗೆ ಕಟ್ಟಿ ಒಳರೋಗಿ ಚಿಕಿತ್ಸೆಗೆ ಮಾತ್ರ ಸಿಜಿಎಚ್‌ಎಸ್ ಉಳಿಸಿಕೊಳ್ಳಬಹುದು.

ಇಲ್ಲೇ ಒಂದು ದೊಡ್ಡ ಪ್ರಶ್ನೆ ಏಳುತ್ತದೆ. ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ವಯ ವಂದನ ಕಾರ್ಡ್ ಮಾಡಿಸಬೇಕೇ? ನಿಯಮದ ಪ್ರಕಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆರಿಸುವ ಮೊದಲು ಯೋಚಿಸಿ. ವಯ ವಂದನದಲ್ಲಿ ಹೊರರೋಗಿ ಚಿಕಿತ್ಸೆ ಇಲ್ಲ, ತಿಂಗಳ ಮಾತ್ರೆ ಇಲ್ಲ, ವರ್ಷಕ್ಕೆ 5 ಲಕ್ಷದ ಮಿತಿ ಬೇರೆ. ಸಿಜಿಎಚ್‌ಎಸ್‌ನಲ್ಲಿ ಈ ಮೂರು ತೊಂದರೆಯೂ ಇಲ್ಲ. ಪಕ್ಕದ ಮನೆಯವರು ಮಾಡಿಸಿದರು ಎಂದು ಸೈಬರ್ ಸೆಂಟರಿನಲ್ಲಿ ಕೂತು ಅವಸರದಲ್ಲಿ ಗುಂಡಿ ಒತ್ತಿಬಿಡುವ ನಿರ್ಧಾರ ಅಲ್ಲ ಇದು. ಸಿಜಿಎಚ್‌ಎಸ್ ಚೆನ್ನಾಗಿ ನಡೆಯುತ್ತಿರುವ ಊರಿನಲ್ಲಿರುವವರು ಅದನ್ನು ಬಿಡಲು ಕಾರಣವೇ ಕಾಣುವುದಿಲ್ಲ.

ಇಸಿಎಚ್‌ಎಸ್ 2003ರ ಏಪ್ರಿಲ್ 1ರಿಂದ ಇದೆ. ಒಮ್ಮೆ ವಂತಿಗೆ ಕಟ್ಟಿದರೆ ಸಾಕು, ಪತ್ನಿ ಅಥವಾ ಪತಿ ಮತ್ತು ಅವಲಂಬಿತರಿಗೂ ಚಿಕಿತ್ಸೆ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ವಂತಿಗೆಯೂ ಇಲ್ಲ. ಎರಡೂ ಯೋಜನೆಗಳಲ್ಲಿ ಮರೆಯಬಾರದ್ದು ಒಂದಿದೆ: ಪಿಂಚಣಿದಾರರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಪಡೆಯುವ ಸಂಗಾತಿಯ ಹೆಸರಿಗೆ ಕಾರ್ಡ್ ಬದಲಾಗಬೇಕು. ಪಿಂಚಣಿ ವರ್ಗಾವಣೆಗೆ ಓಡಾಡುವಾಗ ಇದು ಮರೆತುಹೋಗುತ್ತದೆ. ನೆನಪಾಗುವುದು ಮುಂದೆ ಅವರೇ ಆಸ್ಪತ್ರೆ ಸೇರಿದಾಗ.

ರಾಜ್ಯ ಸರ್ಕಾರಿ ನೌಕರರ ಮನೆಗಳಿಗೆ ಆರೋಗ್ಯ ಸಂಜೀವಿನಿ ಎಂಬ ಚಿಕಿತ್ಸಾ ಯೋಜನೆ ಬಂದಿದೆ. ಅದರಲ್ಲಿ ಆದಾಯದ ಮಿತಿಯೊಳಗಿರುವ, ನೌಕರರನ್ನೇ ಅವಲಂಬಿಸಿರುವ ತಂದೆ ತಾಯಿಯರನ್ನು ಸೇರಿಸಬಹುದು. ಮಗನೋ ಮಗಳೋ ರಾಜ್ಯ ಸರ್ಕಾರದ ಕೆಲಸದಲ್ಲಿದ್ದರೆ "ನಮ್ಮ ಹೆಸರು ಸೇರಿಸಿದ್ದೀಯಾ" ಎಂದು ಕೇಳಿ. ಸಂಕೋಚ ಬೇಡ.

ಇನ್ನು ನಿವೃತ್ತರಿಗೂ ಸಿಗುತ್ತದೆ ಎಂದು ಬಹುತೇಕ ಯಾರಿಗೂ ಗೊತ್ತಿಲ್ಲದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಪೀಣ್ಯದಲ್ಲೋ ಇನ್ನೆಲ್ಲೋ ಕಾರ್ಖಾನೆಯಲ್ಲಿ ಇಎಸ್‌ಐ ಕಟ್ಟಿಸಿಕೊಂಡು ಕೆಲಸ ಮಾಡಿ, ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು, ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಾಕು. ತಿಂಗಳಿಗೆ ಹತ್ತು ರೂಪಾಯಿ. ಅವರಿಗೂ ಅವರ ಸಂಗಾತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಬೆಂಗಳೂರಿನ ರಾಜಾಜಿನಗರದಲ್ಲಿ, ಕಲಬುರಗಿಯಲ್ಲಿ ಇಎಸ್‌ಐ ನಿಗಮದ ದೊಡ್ಡ ಆಸ್ಪತ್ರೆಗಳೇ ಇವೆ. ಹಳೆಯ ವಿಮಾ ಸಂಖ್ಯೆ ಮತ್ತು ಕಂಪನಿಯಿಂದ ನಿವೃತ್ತಿಯ ದಾಖಲೆ ಹಿಡಿದುಕೊಂಡು ಇಎಸ್‌ಐ ಶಾಖಾ ಕಚೇರಿಗೆ ಹೋಗಬೇಕು. ಕಷ್ಟವಿರುವುದು ಈ ದಾಖಲೆಯಲ್ಲಿ. ಕಾರ್ಖಾನೆ ಮುಚ್ಚಿಹೋಗಿದ್ದರೆ ಯಾರನ್ನು ಕೇಳುವುದು? ಅದಕ್ಕೇ ಇನ್ನೂ ಕೆಲಸದಲ್ಲಿರುವವರಿಗೆ ಹೇಳುವುದು, ನಿವೃತ್ತಿಯ ದಿನ ಶಾಲು ಹಾರದ ಜೊತೆಗೆ ಆ ಪತ್ರವನ್ನೂ ಕೇಳಿ ಪಡೆಯಿರಿ.

ಯಶಸ್ವಿನಿ

ಇದು ರೈತರಿಗೆ, ಸಹಕಾರ ಸಂಘದ ಸದಸ್ಯರಿಗೆ ಇರುವ ರಾಜ್ಯದ ಆರೋಗ್ಯ ಯೋಜನೆ. 2018ರಲ್ಲಿ ನಿಂತುಹೋಗಿದ್ದು 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ನಗರದಲ್ಲಿ 1000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡ್ ಇದ್ದು ಎಪ್ಪತ್ತು ಆಗದ ಹಿರಿಯರಿಗೆ, ಅಂದರೆ ಅರವತ್ತರಿಂದ ಅರವತ್ತೊಂಬತ್ತರ ನಡುವಿನವರಿಗೆ, ಹಳ್ಳಿಯಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ನೋಂದಣಿಗೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ, ಅದನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು. ಹಾಲಿನ ಡೈರಿಯಲ್ಲಿ ಅಥವಾ ಸೊಸೈಟಿಯಲ್ಲಿ ಕೊನೆಯ ದಿನಾಂಕ ಕೇಳಿಟ್ಟುಕೊಳ್ಳಿ. ನಾಲ್ಕು ಜನರ ಶುಲ್ಕದಲ್ಲೇ ಮುಗಿಸಲು ಹೋಗಿ ಅಜ್ಜಿಯ ಹೆಸರನ್ನು ಬಿಟ್ಟುಬಿಡುವ ಮನೆಗಳಿವೆ. ಆಸ್ಪತ್ರೆ ಸೇರುವ ಸಂಭವ ಎಲ್ಲರಿಗಿಂತ ಹೆಚ್ಚಿರುವುದು ಅವರಿಗೇ, ಉಳಿಯುವುದು ನೂರು ರೂಪಾಯಿ.

ಇವುಗಳಲ್ಲಿ ಇಲ್ಲದ್ದು

ಆಯುಷ್ಮಾನ್ ಬಗೆಯ ಯೋಜನೆಗಳು ಆಸ್ಪತ್ರೆಗೆ ದಾಖಲಾದವರಿಗೆ. ದಾಖಲಾದ ಮೇಲಿನ ಬೆಡ್ಡು, ವೈದ್ಯರು, ಔಷಧ, ಪರೀಕ್ಷೆ, ಸ್ಟೆಂಟ್‌ನಂಥ ಅಳವಡಿಕೆ, ಊಟ ಎಲ್ಲ ಪ್ಯಾಕೇಜಿನೊಳಗೆ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವುದಕ್ಕೆ ಹಿಂದಿನ 3 ದಿನ ಮತ್ತು ಡಿಸ್ಚಾರ್ಜ್ ನಂತರದ 15 ದಿನದ ಔಷಧ, ಪರೀಕ್ಷೆಗಳೂ ಸೇರಿವೆ. ಆದರೆ ಬರೀ ತಪಾಸಣೆಗೆ, ಸ್ಕ್ಯಾನಿಂಗಿಗೆ, ತಿಂಗಳ ಶುಗರ್ ಮಾತ್ರೆಗೆ, ಕನ್ನಡಕಕ್ಕೆ ಅದು ಆಗುವುದಿಲ್ಲ. "ಎರಡು ದಿನ ಅಡ್ಮಿಟ್ ಮಾಡಿಕೊಂಡು ಎಲ್ಲ ಟೆಸ್ಟ್ ಮಾಡಿಬಿಡಿ" ಎಂದು ಕೇಳುವುದು ವ್ಯರ್ಥ, ಬರೀ ಪರೀಕ್ಷೆಗೆ ಪ್ಯಾಕೇಜ್ ಇಲ್ಲ.

ಹಿರಿಯರ ಮನೆಯಲ್ಲಿ ವರ್ಷವಿಡೀ ಹಣ ಸೋರುವುದು ಈ ಮಾತ್ರೆ ಮತ್ತು ಟೆಸ್ಟುಗಳಲ್ಲೇ. ಅದಕ್ಕೆ ಬೇರೆ ದಾರಿ ನೋಡಬೇಕು. ಬಿಪಿ, ಶುಗರ್ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಈ ಕಾಯಿಲೆಗಳ ತಪಾಸಣೆ ಮಾಡುತ್ತಾರೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಹೊರಗಿನಿಂದ ತರಲೇಬೇಕಾದ ಔಷಧಕ್ಕೆ ಜನೌಷಧಿ ಕೇಂದ್ರ. ಅಲ್ಲಿ ಕಂಪನಿಯ ಹೆಸರಿನಲ್ಲಿ ಕೇಳಿದರೆ ಸಿಗುವುದಿಲ್ಲ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಂಡು ಹೋಗಿ.

ಖಾಸಗಿ ಪಾಲಿಸಿ ಬಿಟ್ಟುಬಿಡೋಣವೇ?

ಈ ಪ್ರಶ್ನೆ ಬರದ ಸಭೆಯಿಲ್ಲ. ವಯ ವಂದನ ಪಡೆಯಲು ಖಾಸಗಿ ವಿಮೆ ಅಡ್ಡಿಯಲ್ಲ, ಎರಡೂ ಇಟ್ಟುಕೊಳ್ಳಬಹುದು. ಹಳೆಯ ಪಾಲಿಸಿ ಇರುವವರು, ಕಟ್ಟುವ ಶಕ್ತಿ ಇರುವವರೆಗೆ ಬಿಡಬಾರದು ಅನ್ನುವುದು ನಮ್ಮ ಅಭಿಪ್ರಾಯ. ಸರ್ಕಾರಿ ಯೋಜನೆಯಲ್ಲಿ ಸಿಗುವುದು ಜನರಲ್ ವಾರ್ಡ್. ಪ್ರತ್ಯೇಕ ಕೋಣೆ ಕೇಳಿದರೆ ಯೋಜನೆಯಿಂದ ಹೊರಗೆ ಬಿದ್ದಂತೆ. ಆಸ್ಪತ್ರೆಯ ಆಯ್ಕೆಯೂ ಕಡಿಮೆ. ಒಮ್ಮೆ ಬಿಟ್ಟ ಪಾಲಿಸಿಯನ್ನು ಎಪ್ಪತ್ತೆರಡರಲ್ಲಿ ಮತ್ತೆ ಕೊಳ್ಳಲು ಹೋದರೆ ಹಳೆಯ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೆ ಕಾಯಿಸಬಹುದು.

ಹಿರಿಯರ ಪ್ರೀಮಿಯಂ ಏಕಾಏಕಿ ಏರುವುದಕ್ಕೆ ಈಗ ಕಡಿವಾಣ ಇದೆ. ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಮೊದಲು ಕೇಳಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ನವೀಕರಣದ ನೋಟಿಸಿನಲ್ಲಿ ಇವೆರಡನ್ನೂ ಪರಿಶೀಲಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿ ಅಡಿಯಲ್ಲಿ ಹಿರಿಯರ ಪ್ರೀಮಿಯಂಗೆ 50,000ದವರೆಗೆ ವಿನಾಯಿತಿ ಉಂಟು. ವಿಮೆಯೇ ಇಲ್ಲದ ಹಿರಿಯರಿಗೆ ಮಾಡಿದ ಔಷಧೋಪಚಾರದ ಖರ್ಚಿಗೂ ಅದು ಸಿಗುತ್ತದೆ, ಆದರೆ ಹಣ ನಗದಿನಲ್ಲಿ ಕೊಟ್ಟಿರಬಾರದು.

ಆಸ್ಪತ್ರೆಯಲ್ಲಿ ಹಣ ಕೇಳಿದರೆ

ನಗದುರಹಿತ ಎಂದು ಒಪ್ಪಿಗೆ ಬಂದ ಮೇಲೂ "ಈ ಔಷಧ ಹೊರಗಿನಿಂದ ತನ್ನಿ", "ಇಂಪ್ಲಾಂಟ್ ಒಳ್ಳೆಯದು ಹಾಕುತ್ತೇವೆ, ವ್ಯತ್ಯಾಸ ಕೊಡಿ" ಎಂದು ಕೇಳುವುದುಂಟು. ಬಿಪಿಎಲ್ ರೋಗಿ ಪ್ಯಾಕೇಜಿನೊಳಗಿನ ಯಾವುದಕ್ಕೂ ಹಣ ಕೊಡಬೇಕಾಗಿಲ್ಲ. ಆ ಕ್ಷಣದಲ್ಲಿ ಜಗಳಕ್ಕೆ ನಿಲ್ಲುವುದು ಕಷ್ಟ, ರೋಗಿ ಒಳಗಿರುತ್ತಾರೆ. ಹಾಗಾಗಿ ಮೊದಲು ಬಿಲ್ಲು ಕೇಳಿ. "ಬಿಲ್ಲಿನಲ್ಲಿ ರೋಗಿಯ ಹೆಸರು, ದಿನಾಂಕ ಬರೆದುಕೊಡಿ" ಅಂದಾಗಲೇ ಎಷ್ಟೋ ಬೇಡಿಕೆಗಳು ಕರಗುತ್ತವೆ. ಬಿಲ್ಲು ಕೊಟ್ಟರೆ ಫೋಟೋ ತೆಗೆದು, ಆರೋಗ್ಯ ಮಿತ್ರರಿಗೆ ತಿಳಿಸಿ, 14555ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ರಾಜ್ಯದ 104 ಆರೋಗ್ಯ ಸಹಾಯವಾಣಿಯನ್ನೂ ಕೇಳಬಹುದು. ದೂರುಗಳನ್ನು ಕೇಳಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇದೆ. ಇದೆಲ್ಲ ಡಿಸ್ಚಾರ್ಜ್‌ಗೆ ಮೊದಲೇ ಆಗಬೇಕು. ಡಿಸ್ಚಾರ್ಜ್ ಹೊತ್ತಿನಲ್ಲಿ ಮುಂದಿಡುವ ಕಾಗದಗಳಲ್ಲಿ "ನಾನು ಯಾವ ಹಣವನ್ನೂ ಕೊಟ್ಟಿಲ್ಲ" ಎಂಬ ಸಾಲು ಇದೆಯೇ ನೋಡಿ. ಹಣ ಕೊಟ್ಟಿದ್ದರೆ ಅದಕ್ಕೆ ಸಹಿ ಹಾಕಬೇಡಿ, ಕೊಟ್ಟ ಮೊತ್ತವನ್ನು ಅಲ್ಲೇ ಕೈಬರಹದಲ್ಲಿ ಬರೆದು, ಆಮೇಲೆ ಸಹಿ ಹಾಕಿ. ಡಿಸ್ಚಾರ್ಜ್ ಸಾರಾಂಶದ ಒಂದು ಪ್ರತಿ ಪಡೆಯದೆ ಮನೆಗೆ ಹೊರಡಬೇಡಿ, ಮುಂದಿನ ಹದಿನೈದು ದಿನದ ಔಷಧ ಕೇಳಲು ಬೇಕಾಗುವುದು ಅದೇ.